ಹೆತ್ತವಳೇ ಎಲ್ಲಾ ತಿಳಿದುಕೊಂಡು ಬರಬೇಕಾ?

ಬೆಳಗ್ಗೆಯಿಂದ ಹೊಟ್ಟೆ ಉರೀತಾ ಇದೆ. ಇಲ್ಲಿ ಬರೆದು ಹಾಕದಿದ್ದರೆ ನನಗೆ ಸಮಾಧಾನ ಇಲ್ಲ.

ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಸಿಸೇರಿಯನ್ ಆಯ್ತು. ಮಗುವಿಗೆ ಈಗ ನಾಲ್ಕು ತಿಂಗಳು. ಗರ್ಭಿಣಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ ದುಡ್ಡಿಗೆ ಅಂತ ಇವತ್ತು ನಾವು ಮನೆ ಬಿಟ್ಟಿದ್ದು ಒಂಬತ್ತನೇ ಸಲ. ಬ್ಯಾಂಕಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಮಗು ಹಸಿವಿಗೆ ಅಳೋಕೆ ಶುರು ಮಾಡಿತು. ಕೂರೋಕೆ ಒಂದು ಕುರ್ಚಿ ಖಾಲಿ ಇರಲಿಲ್ಲ, ಯಾರೂ ಏಳಲೂ ಇಲ್ಲ. ಗೋಡೆ ಕಡೆ ತಿರುಗಿ, ದುಪಟ್ಟಾ ಮುಚ್ಚಿ, ನಿಂತುಕೊಂಡೇ ಹಾಲು ಕುಡಿಸಿದಳು. ಇನ್ನೊಂದು ಕೈಯಲ್ಲಿ ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್ ತುಂಬಿದ ಪ್ಲಾಸ್ಟಿಕ್ ಕವರ್. ತೆಗೆದು ತೆಗೆದು ಅದರ ಮೂಲೆಯೆಲ್ಲಾ ಹರಿದುಹೋಗಿದೆ.

ಕೌಂಟರಿನವರು ಆಧಾರ್ ನಂಬರ್ ಹಾಕಿ ನೋಡಿ ಹೇಳಿದರು, "ನಿಮ್ಮ ಆಧಾರ್ ಮ್ಯಾಪ್ ಆಗಿರೋದು ನಮ್ಮಲ್ಲಿ ಅಲ್ಲಮ್ಮ, ಬೇರೆ ಬ್ಯಾಂಕಿಗೆ."

ಯಾವ ಬ್ಯಾಂಕು? ಕಾಲೇಜಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದಿದ್ದ ಹಳೇ ಖಾತೆ. ಅವಳಿಗೆ ಅದರ ನೆನಪೇ ಇರಲಿಲ್ಲ. ಅಲ್ಲಿಗೆ ಹೋಗಿ ವಿಚಾರಿಸಿದರೆ, ಮೊದಲ ಕಂತಿನ 3,000 ರೂಪಾಯಿ ಬಂದು ಬಿದ್ದು ಐದು ತಿಂಗಳಾಗಿದೆ! ಅಂದರೆ ಹೆರಿಗೆಗೂ ಮುಂಚೆ. ಒಂಬತ್ತನೇ ತಿಂಗಳಲ್ಲಿ ಟಾನಿಕ್ ತರೋಕೆ ಅವಳು ನನ್ನ ಹತ್ತಿರ 400 ರೂಪಾಯಿ ಸಾಲ ಕೇಳಿದ್ದಳು. ಕೇಳುವಾಗ ತಲೆ ಎತ್ತಿರಲಿಲ್ಲ. ಆಗ ಅವಳದೇ ದುಡ್ಡು ಅವಳದೇ ಹೆಸರಲ್ಲಿ ಸುಮ್ನೆ ಬಿದ್ದಿತ್ತು.

ಅರ್ಜಿ ಕೊಡುವಾಗ ಪಾಸ್‌ಬುಕ್ ಝೆರಾಕ್ಸ್ ಕೇಳಿ ತೆಗೆದುಕೊಂಡಿದ್ದರು. ಅದೇ ಖಾತೆಗೆ ದುಡ್ಡು ಬರುತ್ತೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ಹಾಗಲ್ಲವಂತೆ. ಆಧಾರ್ ನಾಲ್ಕು ಖಾತೆಗೆ ಲಿಂಕ್ ಆಗಿರಬಹುದು, ಆದರೆ ಸರ್ಕಾರದ ದುಡ್ಡು ಬೀಳೋದು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ) ಮ್ಯಾಪ್ ಆಗಿರುವ, ಅಂದರೆ ಆಧಾರ್‌ಗೆ ಜೋಡಿಸಿ ದಾಖಲಾಗಿರುವ, ಒಂದೇ ಬ್ಯಾಂಕಿಗೆ. ಈ ಒಂದು ಮಾತನ್ನು ಅರ್ಜಿ ತೆಗೆದುಕೊಂಡ ದಿನವೇ ಯಾರಾದರೂ ಹೇಳಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ. ಮನೆಯಲ್ಲೇ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು, ಎರಡು ನಿಮಿಷದ ಕೆಲಸ. ಒಬ್ಬರೂ ಬಾಯಿ ಬಿಡಲಿಲ್ಲ.

ಅರ್ಜಿ ಹಾಕೋದಾದರೂ ಸಲೀಸಾಗಿತ್ತಾ? ಅದೂ ಇಲ್ಲ. ಅವಳಿಗೆ ಐದು ತಿಂಗಳಿದ್ದಾಗ "ಬಿಪಿಎಲ್ ಕಾರ್ಡ್‌ನಲ್ಲಿ ಗಂಡನ ಜೊತೆ ನಿನ್ನ ಹೆಸರಿಲ್ಲ, ನಿನಗೆ ಬರಲ್ಲ" ಅಂತ ವಾಪಸ್ ಕಳಿಸಿದ್ದರು. ಮದುವೆಯಾಗಿ ವರ್ಷ ಕಳೆದಿರಲಿಲ್ಲ, ಹೆಸರು ಇನ್ನೂ ತವರಿನ ಕಾರ್ಡ್‌ನಲ್ಲೇ ಇತ್ತು. ಅವಳು ನಂಬಿ ಮನೆಗೆ ಬಂದಳು. ಒಂದೂವರೆ ತಿಂಗಳು ಸುಮ್ಮನಿದ್ದಳು. ಆಮೇಲೆ ನಾನೇ ಕೂತು ನಿಯಮ ಓದಿದೆ. ಬಿಪಿಎಲ್ ಕಾರ್ಡ್ ಒಂದೇ ದಾರಿ ಅಲ್ಲವೇ ಅಲ್ಲ. ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ-ಶ್ರಮ್ ಕಾರ್ಡ್ ಇದ್ದರೂ ಆಗುತ್ತೆ. ನರೇಗಾ ಜಾಬ್ ಕಾರ್ಡ್ ಇದ್ದರೂ ಆಗುತ್ತೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಮ್ಮಿ ಅನ್ನೋ ಸರ್ಟಿಫಿಕೇಟ್ ಇದ್ದರೂ ಆಗುತ್ತೆ. ಅವಳ ಹತ್ತಿರ ಇ-ಶ್ರಮ್ ಕಾರ್ಡ್ ಮೊದಲಿಂದಲೂ ಇತ್ತು, ಅದೇ ಕವರ್‌ನಲ್ಲಿ! "ಬೇರೆ ಯಾವ ಕಾರ್ಡ್ ಇದೆಯಮ್ಮಾ" ಅಂತ ಕೇಳೋಕೆ ಎಷ್ಟು ಹೊತ್ತು ಬೇಕು?

ಗಂಡನ ಆಧಾರ್ ತಂದರೇ ಅರ್ಜಿ ಅಂತಲೂ ಒಮ್ಮೆ ಹೇಳಿದ್ದರು. ಈಗಿನ ನಿಯಮದಲ್ಲಿ ಅದು ಕಡ್ಡಾಯ ಇಲ್ಲ. ಗಂಡ ಬಿಟ್ಟುಹೋದವಳಿಗೂ ಸಿಗಲಿ ಅಂತಲೇ ಅದನ್ನು ತೆಗೆದಿದ್ದಾರೆ. ತಂಗಿಯ ಗಂಡ ಒಳ್ಳೆಯವರು, ಫೋಟೋ ಹೊಡೆದು ಕಳಿಸಿದರು. ಗಂಡ ಇಲ್ಲದ ಹೆಣ್ಣುಮಗಳಿಗೂ ಹೀಗೇ ಹೇಳಿ ಕಳಿಸಿದ್ದರೆ ಅವಳು ಏನು ಮಾಡಬೇಕಿತ್ತು?

ಆಸ್ಪತ್ರೆಯದು ಇನ್ನೊಂದು ಕಥೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸೇರಿ, ಪೂರ್ತಿ ಉಚಿತ. ಔಷಧಿ, ರಕ್ತ, ಟೆಸ್ಟು, ಊಟ, ಮನೆಗೆ ವಾಪಸ್ ಬಿಡೋ ಗಾಡಿ, ಎಲ್ಲಾ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ 2011ರಿಂದಲೇ ಇದೆ. ನಮಗೆ ಚೀಟಿ ಬರೆದು ಕೊಟ್ಟು ಹೊರಗಿನ ಮೆಡಿಕಲ್ ಸ್ಟೋರಿಗೆ ಕಳಿಸಿದರು. ಡಿಸ್ಚಾರ್ಜ್ ದಿನ ಹೊಲಿಗೆ ಇನ್ನೂ ಹಸಿ, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದೆವು. ಒಂದೊಂದು ಗುಂಡಿಗೂ ಅವಳು ಹೊಟ್ಟೆ ಹಿಡಿದುಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ಬಾಣಂತಿಯನ್ನು ಮನೆಗೆ ಬಿಡೋಕೆ ಗಾಡಿ ಕೇಳಬಹುದು ಅಂತ ನಮಗೆ ಗೊತ್ತಾಗಿದ್ದು ಎರಡು ವಾರದ ಮೇಲೆ, ಪಕ್ಕದ ಮನೆಯವರಿಂದ.

ಇದನ್ನೆಲ್ಲಾ ಹೇಳಿದರೆ ಕೆಲವರು "ಬಿಟ್ಟಿ ದುಡ್ಡಿಗೆ ಎಷ್ಟು ಗಲಾಟೆ" ಅನ್ನುತ್ತಾರೆ. ನಮ್ಮ ಮನೆಯಲ್ಲೇ ದೊಡ್ಡಪ್ಪ ಅಂದರು. ಬಿಟ್ಟಿ ಅಲ್ಲ ದೊಡ್ಡಪ್ಪ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಬರೆದಿದೆ: ಗರ್ಭಿಣಿಗೆ, ಹಾಲುಣಿಸುವ ತಾಯಿಗೆ 6,000 ರೂಪಾಯಿಗೆ ಕಮ್ಮಿ ಇಲ್ಲದಂತೆ ಹೆರಿಗೆ ಸಹಾಯ ಕೊಡಬೇಕು. ಸರ್ಕಾರಿ ನೌಕರಿಯಲ್ಲಿರುವವರು, ಬೇರೆ ಕಾನೂನಿನಲ್ಲಿ ಇಂಥದ್ದೇ ಸೌಲಭ್ಯ ಪಡೆಯುವವರು ಬಿಟ್ಟರೆ ಉಳಿದ ಎಲ್ಲರಿಗೂ. ಮೊದಲ ಮಗು, ಎರಡನೇ ಮಗು ಅನ್ನೋ ಲೆಕ್ಕವೇ ಆ ಸಾಲಿನಲ್ಲಿ ಇಲ್ಲ. ಯೋಜನೆ ಮಾಡುವಾಗ ಅದು 5,000 ಆಯ್ತು, ಮೊದಲ ಮಗುವಿಗೆ ಮಾತ್ರ ಆಯ್ತು. ಈಗ ಎರಡನೆಯದು ಹೆಣ್ಣಾದರೆ 6,000. ಎರಡನೆಯದು ಗಂಡಾದರೆ ಏನೂ ಇಲ್ಲ. ಆ ತಾಯಿಗೆ ಹಸಿವು ಆಗಲ್ವಾ? ಅವಳು ಕೂಲಿ ಬಿಟ್ಟು ಮನೆಯಲ್ಲಿ ಕೂತಿರಲ್ವಾ?

ಕಂಪನಿ ಕೆಲಸದವರದ್ದೂ ಇದೇ ಪಾಡು. ನನ್ನ ಗೆಳತಿ ಒಂದು ಖಾಸಗಿ ಆಫೀಸಿನಲ್ಲಿ ಎರಡು ವರ್ಷ ದುಡಿದವಳು. ಬಸುರಿ ಅಂತ ಗೊತ್ತಾದ ಮೇಲೆ "ಕಾಂಟ್ರ್ಯಾಕ್ಟ್‌ನವರಿಗೆ ರಜೆ ಇಲ್ಲ" ಅಂದರು, ಅವಳು ರಾಜೀನಾಮೆ ಕೊಟ್ಟು ಬಂದಳು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ ಅವಳ ಹಕ್ಕು. ಇದನ್ನೆಲ್ಲಾ ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಸೇರಿಸಿದ್ದರು. ನಿಮ್ಮಲ್ಲಿ ಯಾರಿಗಾದರೂ ಅಂಥ ಕಾಗದ ಕೈಗೆ ಕೊಟ್ಟಿದ್ದಾರಾ? ನನಗಂತೂ ಕೊಟ್ಟಿಲ್ಲ.

ನಮ್ಮ ಆಶಾ ಅಕ್ಕನ ಮೇಲೆ, ಅಂಗನವಾಡಿ ಟೀಚರ್ ಮೇಲೆ ನನಗೆ ಕೋಪ ಇಲ್ಲ. ಮನೆ ಮನೆ ಸುತ್ತಿ ಅವರ ಚಪ್ಪಲಿ ಸವೆದಿದೆ. ಟೀಚರ್ ಫೋನಿನಲ್ಲಿ ಒಂದು ಹೆಸರು ಹತ್ತೋಕೆ ಅರ್ಧ ಗಂಟೆ ಬೇಕು, ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ. ನನ್ನ ಕೋಪ ನಿಯಮ ಬದಲಾಯಿಸಿ ಅವರಿಗೂ ಸರಿಯಾಗಿ ಹೇಳದೆ ಇರುವವರ ಮೇಲೆ. ತಾಯಿ ಕಾರ್ಡ್‌ನಲ್ಲಿ ಅಷ್ಟೆಲ್ಲಾ ಪುಟ ಇದೆ. ಯಾವ ದುಡ್ಡು, ಯಾವಾಗ, ಯಾವ ಕಾಗದ, ಯಾವ ಖಾತೆ ಅಂತ ದಪ್ಪ ಅಕ್ಷರದಲ್ಲಿ ಒಂದು ಪುಟ ಸೇರಿಸಿ ಕೊಡಿ. ಮೊದಲ ತಪಾಸಣೆಗೆ ಬಂದ ದಿನವೇ ಓದಿ ಹೇಳಿ. ಬಸುರಿ ಹೆಂಗಸು ವಾಂತಿ ಮಾಡಿಕೊಳ್ಳುತ್ತಾ ವೆಬ್‌ಸೈಟ್ ಹುಡುಕಬೇಕಾ?

ಮಗುವಿಗೆ ಹದಿನಾಲ್ಕನೇ ವಾರದ ಚುಚ್ಚುಮದ್ದು ಹಾಕಿಸಿ ಆಗಿದೆ. ಜನನ ಪ್ರಮಾಣಪತ್ರ ಇದೆ. ಇನ್ನು ಎರಡನೇ ಕಂತಿನ 2,000ಕ್ಕೆ ಅರ್ಜಿ ಕೊಡಬೇಕು. ಅದಕ್ಕೂ ಮೊದಲು ಹಳೇ ಖಾತೆ ಬಿಡಿಸಿಕೊಳ್ಳಬೇಕು, ವರ್ಷಗಟ್ಟಲೆ ವ್ಯವಹಾರ ಇಲ್ಲ ಅಂತ ನಿಲ್ಲಿಸಿದ್ದಾರಂತೆ. ಎರಡು ಫೋಟೋ, ಹೊಸ ಕೆವೈಸಿ ಫಾರಂ, ಅವಳೇ ಬಂದು ಸಹಿ ಹಾಕಬೇಕು ಅಂದಿದ್ದಾರೆ. ನಾಳೆ ಹತ್ತು ಗಂಟೆಗೆ ಮಗು ಎತ್ತಿಕೊಂಡು ಮತ್ತೆ ಹೊರಡಬೇಕು. ಈ ಸಲ ಮನೆಯಿಂದಲೇ ಒಂದು ಮಡಚೋ ಕುರ್ಚಿ ತೆಗೆದುಕೊಂಡು ಹೋಗುತ್ತೇನೆ.