ರಾತ್ರಿ ಬಿಚ್ಚಿಡ್ಲಿಕ್ಕ ಬರ್ತದೇನು ಅಂತ ಮೊದ್ಲ ಕೇಳ್ರಿ

ನಿನ್ನಿ ನಮ್ಮ ಕಾಕಾನ ಮಗಳು ಫೋನ್ ಮಾಡಿದ್ಳು. ಬರೋ ತಿಂಗ್ಳ ಸೇಡಂದಾಗ ಆಕಿ ಲಗ್ನ ಅದ. "ಅಕ್ಕಾ, ಪಾರ್ಲರ್‌ದವ್ರು ಪರ್ಮನೆಂಟ್ ಹೇರ್ ಎಕ್ಸ್‌ಟೆನ್ಶನ್ ಹಾಕ್ತೀವಿ ಅನ್ಲತ್ತಾರ, ಮೂರು ತಿಂಗ್ಳ ತಲಿಗೇ ಇರ್ತದಂತ, ದಿನಾ ಹಾಕೋದು ತೆಗಿಯೋದು ತ್ರಾಸೇ ಇಲ್ಲಂತ, ಹಾಕಿಸ್ಲೇನು?" ಅಂತ ಕೇಳಿದ್ಳು. ಎಕ್ಸ್‌ಟೆನ್ಶನ್ ಅಂದ್ರ ಉದ್ದ, ದಪ್ಪ ಕಾಣ್ಲಿ ಅಂತ ನಮ್ಮ ಕೂದ್ಲಿಗಿ ಜೋಡ್ಸೋ ಬ್ಯಾರೆ ಕೂದ್ಲ. ನಾ ಒಮ್ಮಿಗೇ ಬ್ಯಾಡ ಅಂದೆ. ಯಾಕ ಬ್ಯಾಡ ಅಂತ ಹೇಳ್ಲಿಕ್ಕ ಮುಕ್ಕಾಲ್ ತಾಸ ಹಿಡೀತು, ಅದನ್ನೇ ಇಲ್ಲಿ ಬರೀಲತ್ತೀನಿ, ಯಾಕಂದ್ರ ಲಗ್ನದ ಸೀಜನ್ ಶುರು ಆಗ್ಯಾದ, ಇನ್ನೂ ಎಷ್ಟ್ ಹುಡುಗ್ಯಾರಿಗಿ ಇದೇ ಮಾತ ಹೇಳ್ಲತ್ತಾರೋ ಏನೋ.

ನಂದು ಎರಡನೇ ಬಾಣಂತನ ಆಗಿ ನಾಕನೇ ತಿಂಗ್ಳಕ್ಕ ತಲಿ ಬಾಚಿದ್ರ ಸಾಕು ಮುಷ್ಟಿ ಮುಷ್ಟಿ ಕೂದ್ಲ ಬರ್ತಿತ್ತು. ಹೆರಿಗಿ ಆದ್ಮ್ಯಾಲ ಎರಡು ಮೂರು ತಿಂಗ್ಳಿಗಿ ಹಿಂಗ ಉದುರೋದು ಭಾಳ ಮಂದಿಗಿ ಆಗ್ತದ, ವರ್ಷ ಅನ್ನೋದ್ರಾಗ ಹೆಚ್ಚಿನವ್ರಿಗಿ ತಾನಾಗೇ ಸರಿ ಹೋಗ್ತದ. ಟೈಫಾಯ್ಡ್, ಡೆಂಗಿ ಜ್ವರ ಬಂದು ಹೋದ್ಮ್ಯಾಲೂ ಹಂಗೇ. ಆದ್ರ ಆವಾಗ ನನಗಿದನ್ನ ಯಾರೂ ಹೇಳ್ಲಿಲ್ಲ. ಮ್ಯಾಲ ಮೇ ತಿಂಗಳದಾಗ ತಮ್ಮನ ಲಗ್ನ ಬಂತು, ಫೋಟೋದಾಗ ಇಲಿ ಬಾಲದಂತಾ ಜಡಿ ಹ್ಯಾಂಗ ಇಟ್ಕೊಂಡ್ ನಿಂದ್ರಲಿ ಅಂತ ಕಲಬುರಗಿದಾಗ ಒಂದು ಪಾರ್ಲರ್‌ಗಿ ಹೋದೆ. ಅವ್ರು ತಲಿ ನೋಡಿದ್ರು, ಕೂದ್ಲ ಯಾಕ ಇಷ್ಟ ಉದುರ್ಲತ್ತಾವ, ಹೆರಿಗಿ ಯಾವಾಗ ಆತು, ಒಂದೂ ಕೇಳ್ಲಿಲ್ಲ. ನೂರಾ ಹತ್ತು ಎಳಿ, ಕೆರಟಿನ್ ಬಾಂಡಿಂಗ್ ಅಂತ, ಬಿಸಿ ಮಾಡಿ ಅಂಟು ಕರಗ್ಸಿ ಒಂದೊಂದೇ ಎಳಿ ನನ್ನ ಕೂದ್ಲಿಗಿ ಜೋಡ್ಸಿದ್ರು. ಮೂರೂವರಿ ತಾಸ, ಹದಿನಾಲ್ಕ್ ಸಾವಿರ ರೂಪಾಯಿ.

ಲಗ್ನದಾಗ ಖರೇನೇ ಛಂದ ಕಾಣ್ಸಿದ್ದೆ, ಅದರಾಗ ಸುಳ್ಳ ಹೇಳೋದಿಲ್ಲ. ತ್ರಾಸ ಶುರು ಆಗಿದ್ದು ಆಮ್ಯಾಲ. ಮೇ ತಿಂಗ್ಳ ಕಲಬುರಗಿ ಅಂದ್ರ ಗೊತ್ತದಲ್ರಿ, ನಲ್ವತ್ತೆರಡು ನಲ್ವತ್ಮೂರು ಡಿಗ್ರಿ, ಕರೆಂಟ್ ಹೋದ್ರಂತೂ ಬೆವರು ಕುತ್ತಿಗಿ ಮ್ಯಾಲಿಂದ ಬೆನ್ನಿಗಿ ಇಳೀತದ, ಬುಡದಾಗೆಲ್ಲಾ ತುರಿಕಿ, ಉಗುರು ಹಾಕಿ ಕೆರೀಲಿಕ್ಕೂ ಬರಂಗಿಲ್ಲ ಯಾಕಂದ್ರ ಅಂಟು ಕೈಗಿ ಸಿಗ್ತದ. ನಮ್ಮ ಮನಿ ಬೋರ್ ನೀರು ಗಡಸು, ಹೊಯ್ಕೊಂಡ್ರ ಕೂದ್ಲ ಕತ್ತದ ಹಗ್ಗ ಆಗ್ತಾವ. ಎಣ್ಣಿ ಹಚ್ಚಬಾರ್ದು ಅಂದಿದ್ರು, ಎಣ್ಣಿ ಬುಡಕ್ಕ ತಾಕಿದ್ರ ಅಂಟು ಜಾರ್ತದಂತ. ಬಾಣಂತಿ ತಲಿಗಿ ಎಣ್ಣಿ ಬ್ಯಾಡ ಅಂದ್ರ ನಮ್ಮವ್ವ ಸುಮ್ನ ಕುಂದ್ರಾಕಿನಾ, ದಿನಾ ಇದೇ ಜಗಳ. ಕೂಸು ಮೊಲಿ ಕುಡಿಯೋವಾಗ ಒಂದು ಎಳಿ ಹಿಡ್ಕೊಂಡು ಜಗ್ಗಿತು ಅಂದ್ರ ಕಣ್ಣಾಗ ನೀರು ಬರ್ತಿತ್ತು.

ಆರನೇ ವಾರ ಒಂದು ಮುಂಜಾನಿ ತಲಿದಿಂಬಿನ ಮ್ಯಾಲ ಒಂದು ಎಳಿ ಬಿದ್ದಿತ್ತು. ಕೈಯಾಗ ತಗೊಂಡ್ ನೋಡ್ದೆ, ಅಕ್ಕಿಕಾಳಿನಷ್ಟು ಅಂಟು, ಅದರಾಗ ನಂದೇ ಹತ್ತು ಹದಿನೈದು ಕೂದ್ಲ, ಒಂದೊಂದರ ತುದಿಗೂ ಬೆಳ್ಳಗ ಸಣ್ಣ ಗಡ್ಡಿ. ಬೆಳಕಿಗಿ ಹಿಡ್ದು ಎಷ್ಟೊತ್ತು ನೋಡಿದ್ನೋ ಗೊತ್ತಿಲ್ಲ. ದಿನಾ 50 ರಿಂದ 100 ಕೂದ್ಲ ಎಲ್ಲಾರಿಗೂ ಉದುರ್ತಾವ, ಉದುರಿದ್ವು ಕೆಳಗ ಬೀಳ್ದೇ ಅಂಟಿನಾಗೇ ಸಿಕ್ಕೊಂಡಿರ್ತಾವ, ಅದಕ್ಕ ಹಂಗ ಕಾಣ್ತದ ಅಂತ ಪಾರ್ಲರ್‌ದವ್ರು ಅಂದ್ರು. ಅದು ಖರೇನೂ ಹೌದು. ಆದ್ರ ಕಿವಿ ಮುಂದ ಎರಡೂ ಕಡಿ ರೂಪಾಯಿಯಷ್ಟಗಲ ಜಾಗಾ ಬೋಳಾಗಿದ್ದಕ್ಕ ಅವ್ರ ಹತ್ರ ಉತ್ತರ ಇದ್ದಿಲ್ಲ.

ಚರ್ಮದ ಡಾಕ್ಟರ್ ನೋಡಿದ ಕೂಡ್ಲೇ ಹೇಳಿದ್ರು, ಟ್ರ್ಯಾಕ್ಷನ್ ಅಲೊಪೇಶಿಯಾ ಅಂತ. ಬುಡಕ್ಕ ಜಗ್ಗಾಟ ಬಿಡ್ದೇ ಬಿದ್ರ ಕೂದ್ಲ ಸೋತು ಬರ್ತದ, ಜಲ್ದಿ ನಿಲ್ಸಿದ್ರ ವಾಪಸ್ ಬೆಳೀತದ, ವರ್ಷಗಟ್ಲೆ ಹಂಗೇ ಬಿಟ್ರ ಬುಡಾನೇ ಸತ್ತು ಕಲೆ ಕಟ್ತದ, ಆಮ್ಯಾಲ ಏನು ಹಚ್ಚಿದ್ರೂ ಬರಂಗಿಲ್ಲ. ಬಿಗಿ ಜಡಿ, ಬಿಗಿ ಜುಟ್ಟು ಹಾಕೋರಿಗೂ ಇದು ಬರ್ತದಂತ. ನಂದು ನಸೀಬ ಛಲೋ ಇತ್ತು. ಕೂದ್ಲ ಬೆಳಿಯೋದೇ ತಿಂಗ್ಳಿಗಿ ಒಂದು ಸೆಂಟಿಮೀಟರ್ ಚಿಲ್ಲರ, ಹಂಗಾಗಿ ಕಿವಿ ಮುಂದಿನ ಜಾಗಾ ತುಂಬ್ಲಿಕ್ಕ ಏಳೆಂಟು ತಿಂಗ್ಳ ಹಿಡೀತು.

ಅಂಟು ಬಿಡಿಸ್ಕೊಂಡು ಬಂದ ದಿನ ನಮ್ಮವ್ವ ಏನೂ ಬೈಲಿಲ್ಲ, ಒಳಗ ಹೋಗಿ ಟ್ರಂಕ್ ತೆಗೆದು ಒಂದು ಹತ್ತಿ ಚೀಲ ತಂದು ಮುಂದ ಇಟ್ಳು. ನಮ್ಮ ಆಯಿ, ಅಂದ್ರ ಅಜ್ಜಿ, ಜಡಿಗಿ ಸೇರ್ಸಿ ಹೆಣೀತಿದ್ದ ಚೌರಿ. ನಮ್ಮ ಕಡಿ ಕೆಲವ್ರು ಗಂಗಾವನ ಅಂತಾರ. ಮೂರು ಎಳಿ, ಒಂದೊಂದು ಹೆಬ್ಬೆರಳು ದಪ್ಪ, ಮ್ಯಾಲ ಕರಿ ದಾರ ಸುತ್ತಿ ಸುತ್ತಿ ಗಟ್ಟಿ ಗಂಟು. ಮೂಗಿಗಿ ಹಿಡಿದ್ರ ಇನ್ನೂ ಕೊಬ್ರಿ ಎಣ್ಣಿ ವಾಸನಿ. ಆಯಿ ದಿನಾ ಬಾಚಿದಾಗ ಬಂದ ಕೂದ್ಲ ಬೆರಳಿಗಿ ಸುತ್ತಿ ಗ್ವಾಡಿ ಮಾಡದಾಗ ಇಡ್ತಿದ್ಳು, ವರ್ಷಗಟ್ಲೆ ಕೂಡಿಟ್ಟು ಅದ್ರಲೇ ಚೌರಿ ಮಾಡಿಸಿದ್ಳು, ಆಕಿ ಕೂದ್ಲ ಆಕಿಗೇ, ಬಣ್ಣ ಹೊಂದಸೋ ಮಾತೇ ಇಲ್ಲ. ನಾ ಸಣ್ಣಾಕಿದ್ದಾಗ ನೋಡ್ತಿದ್ದೆ, ಕುತ್ತಿಗಿ ಹತ್ರ ತನ್ನ ಕೂದ್ಲ ಮೂರು ಭಾಗ ಮಾಡಿ ಒಂದೊಂದಕ್ಕ ಚೌರಿ ಎಳಿ ಸೇರ್ಸಿ ಹೆಣೀತಾ ಹೋಗ್ತಿದ್ಳು, ಭಾರ ಪೂರಾ ಹೆಣಿಗಿ ಮ್ಯಾಲ ಹಂಚಿ ಹೋಗ್ತಿತ್ತು, ಒಂದೇ ಜಾಗಾಕ್ಕ ಜಗ್ಗಾಟ ಇದ್ದಿಲ್ಲ. ಮತ್ತ ರಾತ್ರಿ ಮಲಗೋ ಮುಂದ ಬಿಚ್ಚಿ ಪಡಸಾಲಿ ಮೊಳಿಗಿ ತೂಗ್ ಹಾಕ್ತಿದ್ಳು, ಬಂದ ಬೀಗರ ಎದುರಿಗೇ.

ನಾ ಹೇಳೋದು ಇದೊಂದೇ ಮಾತು. ಎಕ್ಸ್‌ಟೆನ್ಶನ್ ಹಾಕ್ಕೊಳ್ರಿ, ಛಂದ ಕಾಣ್ರಿ, ಆದ್ರ ರಾತ್ರಿ ನಿಮ್ಮ ಕೈಲೇ ಬಿಚ್ಚಿಡ್ಲಿಕ್ಕ ಬರೋದನ್ನೇ ಹಾಕ್ಕೊಳ್ರಿ. ಅಂಟು ಪಟ್ಟಿಲೇ ಹಚ್ಚೋ ಟೇಪ್ ಇರ್ಲಿ, ಬಾಂಡಿಂಗ್ ಇರ್ಲಿ, ಸಣ್ಣ ಉಂಗುರ ಹಾಕಿ ಒತ್ತೋ ಮೈಕ್ರೋ ರಿಂಗ್ ಇರ್ಲಿ, ಕೂದ್ಲ ದಪ್ಪ ಇದ್ದು ಕೈ ಪಳಗಿದವ್ರು ಹಾಕಿ, ಟೇಪ್ ಆದ್ರ ಆರೆಂಟು ವಾರಕ್ಕೊಮ್ಮಿ ತೆಗೆದು ಮ್ಯಾಲ ಸರಿಸಿ ಕೂಡ್ಸಿದ್ರ ತಡೀಬಹುದು. ಬಾಣಂತಿಗಿ, ಜ್ವರದಿಂದ ಎದ್ದಾಕಿಗಿ, ಮೊದ್ಲೇ ಕೂದ್ಲ ಉದುರ್ಲತ್ತಾಕಿಗಿ ಇವು ಯಾವೂ ಬ್ಯಾಡ.

ನಾ ಈಗ ಹಾಕೋದು ಕ್ಲಿಪ್‌ದವು, ಮದಿವಿ ಮುಂಜಿ ಇದ್ದಾಗ ಅಷ್ಟೇ. ತಗೊಳ್ಳೋವಾಗ ಭಾಳ ನೋಡ್ದೆ. ಕಲಬುರಗಿ ಸೂಪರ್ ಮಾರ್ಕೆಟ್ ಬಜಾರ ಕಡಿ ಆರುನೂರಕ್ಕೂ ಸಿಗ್ತಾವ, ಅವು ಸಿಂಥೆಟಿಕ್, ಹೊಳಪು ನೋಡಿದ್ರೇ ಗೊತ್ತಾಗ್ತದ. ಅನುಮಾನ ಬಂದ್ರ ಒಂದು ಎಳಿ ಕಿತ್ತು ಕಡ್ಡಿ ಕೊರೀರಿ, ಮನುಷ್ಯಾರ ಕೂದ್ಲ ಇದ್ರ ಸುಟ್ಟು ಬೂದಿ ಆಗ್ತದ, ಪುಕ್ಕ ಸುಟ್ಟ ವಾಸನಿ, ಪ್ಲಾಸ್ಟಿಕ್ ಇದ್ರ ಕರಗಿ ಗುಂಡಗ ಮಣಿ ಆಗ್ತದ. ಸಾದಾ ಸಿಂಥೆಟಿಕ್‌ಗಿ ಸ್ಟ್ರೇಟ್ನರ್ ಹಚ್ಚಿದ್ರೂ ಇದೇ ಗತಿ. ಒಂದು ದಿನದ ಫಂಕ್ಷನ್‌ಗಿ, ಜಡಿ ಹೆಣೀಲಿಕ್ಕ ಸಿಂಥೆಟಿಕ್ ಸಾಕು, ಅದಕ್ಕ ಹತ್ತು ಸಾವಿರ ಸುರಿಬ್ಯಾಡ್ರಿ. ಜಡಿ ಹೆಣೀದೇ ಕೂದ್ಲ ಬಿಚ್ಚಿಬಿಟ್ಟು ಹಾಕ್ಕೊಳ್ಳೋರು ಮಾತ್ರ ರೆಮಿ ಅಂತ ಕೇಳಿ ತಗೊಳ್ರಿ. ಕೂದ್ಲಿಗಿ ಮೀನಿಗಿದ್ದಂಗ ಸಣ್ಣ ಸಣ್ಣ ಪೊರಿ ಇರ್ತಾವ, ಬುಡದಿಂದ ತುದಿ ಕಡಿ ಮುಖ ಮಾಡಿರ್ತಾವ. ರೆಮಿ ಅಂದ್ರ ಎಲ್ಲಾ ಕೂದ್ಲ ಒಂದೇ ದಿಕ್ಕಿಗಿ ಇಟ್ಟಿದ್ದು. ಬುಡ ತುದಿ ಕಲೆತ ಕೂದ್ಲ ಒಂದಕ್ಕೊಂದು ಸಿಕ್ಕು ಬೀಳ್ತಾವ, ಅದಕ್ಕ ಆಸಿಡ್‌ನಾಗ ಪೊರಿ ತೆಗೆದು ಮ್ಯಾಲ ಸಿಲಿಕೋನ್ ಬಳೀತಾರ, ಅಂಗಡಿದಾಗ ರೇಷ್ಮಿ ಇದ್ದಂಗ ಇರ್ತದ, ನಾಕು ಸಲ ತೊಳೆದ್ರ ಹುಲ್ಲು. ಆಯಿ ಚೌರಿನೂ ಉದುರಿದ ಕೂದ್ಲದ್ದೇ ಅಲ್ಲೇನು ಅಂತ ನೀವು ಕೇಳಬಹುದು. ಹೌದು, ಆದ್ರ ಆಕಿ ಅದನ್ನ ಒಂದಿನಾನೂ ಬಿಚ್ಚಿಬಿಟ್ಟು ಗಾಳಿಗಿ ಹಾರಿಸಿದಾಕಿ ಅಲ್ಲ, ಎಣ್ಣಿ ಹಚ್ಚಿ ಹೆಣೆದಿದ್ದು ಹೆಣೆದಂಗೇ, ಸಿಕ್ಕು ಎಲ್ಲಿಂದ ಬರ್ಬೇಕು.

ಬಣ್ಣ ಹಗಲಿನ ಬೆಳಕಿನಾಗ ನೋಡ್ರಿ, ಟ್ಯೂಬ್‌ಲೈಟ್ ಕೆಳಗ ಬ್ಯಾಡ, ಮತ್ತ ಬುಡಕ್ಕಲ್ಲ, ನಿಮ್ಮ ಕೂದ್ಲ ತುದಿಗಿ ಹಿಡ್ದು ನೋಡ್ರಿ. ನಮ್ಮ ಮಂದಿ ಕೂದ್ಲ ಕರ್ರಗ ಅಂತೀವಿ, ಆದ್ರ ಬಿಸಿಲಿಗಿ ಬಂದ್ರ ಭಾಳ ಮಂದಿದು ಕಂದು ಕಪ್ಪು, ಅಂಗಡಿದವ್ರು ಅದಕ್ಕ 1ಬಿ ಅಂತಾರ, ನಂಬರ್ 1 ಅಂದ್ರ ಇದ್ದಿಲಗಪ್ಪು, ಹಾಕ್ಕೊಂಡ್ರ ದೂರದಿಂದ್ಲೇ ಬ್ಯಾರೆ ಕಾಣ್ತದ. ಉದ್ದ ನಂಗ 18 ಇಂಚ್, ತೂಕ 120 ಗ್ರಾಂ ಸಾಕಾತು. ತೂಕ ಹೆಚ್ಚಾದಂಗ ಜಗ್ಗಾಟ ಹೆಚ್ಚು, ಅದ್ರ ಮ್ಯಾಲ ಮೊಗ್ಗಿನ ಜಡಿ ಬ್ಯಾರೆ ಬಂದ್ರ ಸಂಜಿ ತನಕ ಮದುಮಗಳ ತಲಿ ಸಿಡೀತದ. ಹಾಕೋವಾಗ ಕಿವಿ ಮುಂದ, ಹಣಿ ಮ್ಯಾಲ ಇರೋ ಸಣ್ಣ ಕೂದ್ಲಿಗಿ ಕ್ಲಿಪ್ ಹಚ್ಚಲೇ ಬ್ಯಾಡ್ರಿ. ಒಮ್ಮಿ ಹಚ್ಚಿದ ಜಾಗಾಕ್ಕೇ ಮತ್ತೊಮ್ಮಿ ಹಚ್ಚಬ್ಯಾಡ್ರಿ, ಬಾಚೋದು ತುದಿಯಿಂದ ಬುಡಕ್ಕ.

ಇನ್ನೊಂದು, ಈ ಕೂದ್ಲ ಎಲ್ಲಿಂದ ಬರ್ತಾವ ಅನ್ನೋದು. ತಿರುಪತಿ ತಿಮ್ಮಪ್ಪಗ ನಮ್ಮ ಮಂದಿ ಮುಡಿ ಕೊಟ್ಟು ಬರ್ತಾರಲ್ಲ, ದೇವಸ್ಥಾನದವ್ರು ಅದನ್ನ ಉದ್ದ ಅಳೆದು ಬ್ಯಾರೆ ಬ್ಯಾರೆ ಮಾಡಿ ಹರಾಜ್ ಹಾಕ್ತಾರ, ಛಲೋ ರೆಮಿ ಭಾಳಷ್ಟು ಅಂತಾ ಮುಡಿಯಿಂದೇ ಬರೋದು. ಓಣಿಗಿ ಬಂದು "ಕೂದ್ಲಾ ಕೊಡ್ರೀ ಯವ್ವಾ" ಅಂತ ಪಿನ್ನು, ಸ್ಟೀಲ್ ಬಟ್ಲ ಕೊಟ್ಟು ಒಯ್ಯೋ ಸಿಕ್ಕುಗೂದ್ಲ ಬ್ಯಾರೆ ದಾರಿ ಹಿಡೀತಾವ. ಕೊಪ್ಪಳದ ಹತ್ರ ಭಾಗ್ಯನಗರದಾಗ ಇದೇ ದಂಧೆ ಅದ, ಹೆಣ್ಮಕ್ಕಳು ಕುಂತು ಆ ಉಂಡಿ ಬಿಡಿಸಿ, ಬಾಚಿ, ಉದ್ದ ನೋಡಿ ಕಟ್ಟು ಕಟ್ತಾರ, ಅಲ್ಲಿಂದ ಚೀನಾ ತನಕ ಹೋಗ್ತದ. ನಾ ನನ್ನ ಕ್ಲಿಪ್ ಹಚ್ಚೋವಾಗೆಲ್ಲಾ ಅವ್ರ ಬೆರಳು ನೆನಪ ಮಾಡ್ಕೊಳ್ತೀನಿ, ಯಾರದೋ ಹರಕಿ, ಯಾರದೋ ದುಡಿತ ಅದು, "ಸುಳ್ಳು ಕೂದ್ಲ" ಅನ್ಲಿಕ್ಕ ನನಗ ಬಾಯಿ ಬರಂಗಿಲ್ಲ.

ಅದಕ್ಕೇ ಮುಚ್ಚಿಡೋದೂ ಬಿಟ್ಟೀನಿ. ಆಫೀಸ್‌ನಾಗ ಒಬ್ಬಾಕಿ ಮೆಲ್ಲಕ ಬಂದು "ಇದು ನಿಂದೇನು?" ಅಂತ ಕೇಳಿದ್ಳು, "ಅಲ್ಲ, ಕ್ಲಿಪ್ಪಿಂದು, ನಿನಗ ಬೇಕಾದ್ರ ಹೇಳು" ಅಂದೆ. ಆಕಿನೂ ತೆಳ್ಳಗಾದ ತಲಿ ಬಗ್ಗಿ ಅವತ್ತೇ ಮೊದ್ಲ ಸಲ ಬಾಯಿ ಬಿಟ್ಳು, ಅರ್ಧ ತಾಸ ಮಾತಾಡಿದ್ಳು. ಕಲಬುರಗಿ ಶರಣಬಸವೇಶ್ವರ ಅಪ್ಪನ ಜಾತ್ರಿದಾಗ ಬಳಿ ಅಂಗಡಿ ಸಾಲಿನಾಗ ಚೌರಿ ತೂಗ್ ಹಾಕಿ ಮಾರ್ತಿದ್ರು, ನಮ್ಮ ಆಯಿ ವಾರಗಿಯವ್ರು ಕೈಲೇ ಜಗ್ಗಿ ನೋಡಿ, ರೇಟ್ ಮಾಡಿ ತರ್ತಿದ್ರು. ನಾಚ್ಕಿ ನಾವು ಎಲ್ಲಿಂದ ತಂದ್ವೋ.

ಕಾಕಾನ ಮಗಳಿಗಿ ಪಾರ್ಲರ್ ಬುಕಿಂಗ್ ಕ್ಯಾನ್ಸಲ್ ಮಾಡ್ಸೀನಿ. ಐತವಾರ ಮನಿಗಿ ಬರ್ತಾಳ, ಅಂಗಳದ ಬೆಳಕಿನಾಗ ಕುಂದರ್ಸಿ ನನ್ನವೇ ಹಚ್ಚಿ ನೋಡ್ತೀನಿ, ಬಣ್ಣ ಹೊಂದಿದ್ರ ಅವೇ ಒಯ್ಲಿ, ಇಲ್ಲಂದ್ರ ಹೊಸಾವು ತರೋಣು. ಲಗ್ನದ ರಾತ್ರಿ ಎಷ್ಟೊತ್ತಾದ್ರೂ ಬಿಚ್ಚಲಿಕ್ಕ ನಾನೇ ಬರ್ತೀನಿ ಅಂತ ಹೇಳೀನಿ. ಬಿಚ್ಚಿದ್ದು ಇಡ್ಲಿಕ್ಕ ಆಯಿ ಆ ಹತ್ತಿ ಚೀಲಾನೇ ಒಗದು ಒಣಾ ಹಾಕೀನಿ.