ಈ ಬ್ರಾಕೆಟ್ ಯಾವ ಇಫ್‌ದು?

ಚಿಕ್ಕಮಗಳೂರಲ್ಲಿ ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಹೋದ ವಾರ ಮುಳ್ಳಯ್ಯನಗಿರಿ ಕಡೆಯ ಒಬ್ಬ ಓನರ್ ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ರೂಮ್ ಫುಲ್ ಆದ್ರೂ ಬುಕ್ ಮಾಡಿ ಅಂತ ಬಟನ್ ಬರ್ತಿದೆ. ಶನಿವಾರ ರಾತ್ರಿ ಮಳೇಲಿ ಒಂದೇ ರೂಮಿಗೆ ಎರಡು ಫ್ಯಾಮಿಲಿ ಬಂದು ನಿಂತಿದ್ರು."

ಸೈಟ್ ಬೇರೆ ಯಾರೋ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಫೈಲ್ ತೆಗೆದೆ. ಒಂದು ಇಫ್ (ಷರತ್ತು ನಿಜವಾದರೆ ಮಾತ್ರ ಒಳಗಿನದ್ದು ನಡೆಸುವ ಸಾಲು), ಅದರೊಳಗೆ ಇನ್ನೊಂದು ಇಫ್, ಅದರೊಳಗೆ ಪುಟಕ್ಕೆ ಬರೆಯುವ ಎಕೋ, ಎಕೋ ಒಳಗೆ ಪುಟದ ಒಂದು ತುಂಡಾದ ಇಡೀ ಡಿವ್, ಅದರ ಪ್ರತಿ ಕೋಟ್ ಮುಂದೆಯೂ ಬ್ಯಾಕ್‌ಸ್ಲ್ಯಾಶ್, ನಡುವೆ ಡೇಟಾಬೇಸ್ ಕ್ವೆರಿ ಬೇರೆ. ಕೊನೆಗೆ ಸಾಲಾಗಿ ನಾಲ್ಕು ಮುಚ್ಚುವ ಬ್ರಾಕೆಟ್. ಯಾವುದು ಯಾವ ಇಫ್‌ದು ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸಿದೆ. ರೂಮ್ ಖಾಲಿ ಇದೆಯಾ ಅಂತ ನೋಡುವ ಇಫ್ ಮುಗಿದ ಮೇಲೆ ಬಟನ್ ಸಾಲು ಬಂದಿತ್ತು. ತಪ್ಪು ಅಷ್ಟೇ. ಹುಡುಕೋಕೆ ಎರಡು ಗಂಟೆ ಹಿಡೀತು.

ಇದಕ್ಕೆ ಸುಮ್ನೆ ಪಿಎಚ್‌ಪಿಯನ್ನು ಬೈಯುವವರು ಜಾಸ್ತಿ. ನಾನು ಒಪ್ಪಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅದನ್ನು ಹೊರಗೆ ಬಿಟ್ಟಿದ್ದೇ ವೆಬ್ ಪುಟ ಮಾಡೋಕೆ. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಜೊತೆ ಬೆರೆಯೋದು ಅದರ ಹುಟ್ಟುಗುಣ. ನೀಟಾಗಿ ಬೆರೆಸುವ ದಾರಿಯೂ ಅದರಲ್ಲೇ ಇದೆ, ನಾವು ಬಳಸಬೇಕು ಅಷ್ಟೇ.

ಇಫ್ ಷರತ್ತು ಮುಗಿದ ಮೇಲೆ ಕರ್ಲಿ ಬ್ರಾಕೆಟ್ ಬದಲು ಕೋಲನ್ ಹಾಕಿ. ಪಿಎಚ್‌ಪಿ ಟ್ಯಾಗ್ ಮುಚ್ಚಿ. ಎಚ್‌ಟಿಎಂಎಲ್ ಅನ್ನು ಎಚ್‌ಟಿಎಂಎಲ್ ಆಗಿಯೇ ಬರೆದು, ಕೊನೆಗೆ ಎಂಡ್‌ಇಫ್ ಅನ್ನಿ. ಪಟ್ಟಿಯ ಒಂದೊಂದಕ್ಕೂ ಅದನ್ನೇ ಮಾಡುವ ಫೋರೀಚ್ ಲೂಪ್ ಆದರೆ ಎಂಡ್‌ಫೋರೀಚ್. ಏನು ಮುಗಿಯಿತು ಅಂತ ಅಲ್ಲೇ ಬರೆದಿರುತ್ತೆ, ಎಣಿಸೋ ಕೆಲಸ ಇಲ್ಲ. ಒಂದು ಎಚ್ಚರ: ಕೋಲನ್ ಬಳಸುವಾಗ, ಇಲ್ಲದಿದ್ದರೆ ಇನ್ನೊಂದು ಷರತ್ತು ನೋಡು ಅನ್ನುವ ಎಲ್ಸ್‌ಇಫ್ ಒಂದೇ ಪದವಾಗಿರಬೇಕು, ಬಿಡಿಸಿ ಬರೆದರೆ ಪಾರ್ಸ್ ಎರರ್ ಬಂದು ಫೈಲೇ ಓಡಲ್ಲ. ಬೆಲೆ, ಹೆಸರು ತೋರಿಸೋಕೆ ಉದ್ದದ ಎಕೋ ಬೇಡ, ಪ್ರಶ್ನೆ ಗುರುತು ಮತ್ತು ಸಮ ಚಿಹ್ನೆಯ ಚಿಕ್ಕ ಟ್ಯಾಗ್ ಸಾಕು. ಪಿಎಚ್‌ಪಿ 5.4ರಿಂದ ಯಾವ ಸೆಟ್ಟಿಂಗೂ ಇಲ್ಲದೆ ನಡೆಯುತ್ತೆ. ಗೆಸ್ಟ್ ಬರೆದ ರಿವ್ಯೂ ತೋರಿಸುವಾಗ ಮಾತ್ರ, ಟ್ಯಾಗ್ ಚಿಹ್ನೆಗಳನ್ನು ಬರೀ ಅಕ್ಷರವಾಗಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮೂಲಕವೇ ಹಾಕಿ, ಇಲ್ಲದಿದ್ದರೆ ಯಾರೋ ತುರುಕಿದ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುತ್ತೆ.

ಆದರೆ ಬರೀ ಕೋಲನ್ ಹಾಕಿದರೆ ಸಾಲದು. ಆ ದಿನ ರೂಮ್ ಖಾಲಿ ಇದೆಯಾ, ವೀಕೆಂಡ್ ರೇಟಾ, ಇದೆಲ್ಲ ಫೈಲಿನ ಮೇಲ್ಭಾಗದಲ್ಲೇ ತೀರ್ಮಾನ ಆಗಿ ಉತ್ತರ ಇಟ್ಟುಕೊಳ್ಳುವ ಒಂದೊಂದು ವೇರಿಯೇಬಲ್‌ಗೆ ಬಂದಿರಬೇಕು. ಕೆಳಗಿನ ಟೆಂಪ್ಲೇಟ್, ಅಂದರೆ ಪುಟ ತೋರಿಸುವ ಭಾಗ, ಹೌದಾ ಅಲ್ವಾ ಅಂತ ಮಾತ್ರ ಕೇಳಬೇಕು.

ಹಾಗೇ ಪೂರ್ತಿ ತಿದ್ದಿ ಬರೆದು, ಡಿಸೈನ್ ಮಾಡುವ ನಮ್ಮ ಹುಡುಗಿಗೆ ಕೊಟ್ಟೆ. ಅವಳಿಗೆ ಪಿಎಚ್‌ಪಿ ಬರಲ್ಲ. ನನ್ನನ್ನು ಕೇಳದೇ ಷರತ್ತು ಸುಳ್ಳಾದಾಗ ನಡೆಯುವ ಎಲ್ಸ್ ಕೆಳಗಿನ ಜಾಗ ತಾನೇ ಹುಡುಕಿ, "ಈ ದಿನ ರೂಮ್ ಭರ್ತಿ" ಅಂತ ಸೇರಿಸಿದಳು.