ಬಿ.ಎ. ಮಾಡಿದವಳಿಗೆ ಮೆಡಿಕಲ್ ಸೀಟಾ?

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳಿಗೆ ಮೆಡಿಕಲ್ ಸೀಟು ಸಿಕ್ಕಿತು. ಓದಿದ್ದು ಇತಿಹಾಸದಲ್ಲಿ ಬಿ.ಎ. ಸುದ್ದಿ ಊರು ಮುಟ್ಟಿದ್ದೇ ತಡ, ಅವರ ನೆಂಟರೊಬ್ಬರು ಅಂದರಂತೆ: "ಬಿ.ಎ. ಮಾಡಿದವಳಿಗೆ ಮೆಡಿಕಲ್ಲಾ? ದುಡ್ಡು ಕಟ್ಟಿರ್ತೀರಿ ಬಿಡಿ." ಮ್ಯಾನೇಜ್‌ಮೆಂಟ್ ಕೋಟಾವನ್ನು ಅರೆದು ಕುಡಿದ ನಾಡಿನವರು ಹೀಗಂದರೆ ನಗಬೇಕೋ ಅಳಬೇಕೋ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರವೇ ಯಾರು ಡಾಕ್ಟರ್ ಆಗಬಹುದು, ಯಾರು ಆಗಬಾರದು ಅಂತ ಮನೆಮಂದಿ ಸೇರಿ ತೀರ್ಮಾನಿಸಿಬಿಡುತ್ತಾರೆ. ಪಿಸಿಎಂಬಿ ಬಿಟ್ಟು ಕಾಮರ್ಸ್ ತಗೊಂಡೆಯೋ, ಕಥೆ ಮುಗಿಯಿತು. ಇಲ್ಲಿ ಸಾಮಾನ್ಯವಾಗಿ ಡಿಗ್ರಿ ಆದ ಮೇಲೆಯೇ ಮೆಡಿಕಲ್. ಆ ಡಿಗ್ರಿ ಸಂಗೀತದ್ದಾದರೂ ಆದೀತು. ಕೇಳುವುದು ಕೆಲವು ಕೋರ್ಸುಗಳನ್ನು: ಲ್ಯಾಬ್ ಸಮೇತ ಒಂದೊಂದು ವರ್ಷ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಮೇಲೊಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ. ಕಾಲೇಜಿಂದ ಕಾಲೇಜಿಗೆ ಪಟ್ಟಿ ಸ್ವಲ್ಪ ಹೆಚ್ಚುಕಮ್ಮಿ. ಡಿಗ್ರಿಯಲ್ಲಿ ಇವನ್ನು ಓದದವರಿಗೆಂದೇ, ಡಿಗ್ರಿ ಆದಮೇಲೆ ಈ ಕೋರ್ಸುಗಳನ್ನು ಓದಿಕೊಳ್ಳುವ ಪೋಸ್ಟ್‌ಬ್ಯಾಕ್ ಎಂಬ ಏರ್ಪಾಡಿದೆ.

ಸುಲಭ ಅಂದುಕೊಂಡರೆ ಕೆಟ್ಟಿರಿ. ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್‌ಗೆ ಕೂರಿಸುವುದಿಲ್ಲ, ಆರ್ಗ್ಯಾನಿಕ್ ಇಲ್ಲದೆ ಬಯೋಕೆಮಿಸ್ಟ್ರಿ ಇಲ್ಲ. ಬೇಸಿಗೆ ರಜೆಯಲ್ಲೂ ಓದದಿದ್ದರೆ ಇದಕ್ಕೇ ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಡಿ ಗ್ರೇಡ್ ಬಂದ ವಿಷಯವನ್ನು ಮತ್ತೆ ಓದಿ ಎ ತೆಗೆದರೂ, ಎಂ.ಡಿ. (ಇಲ್ಲಿ ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಅರ್ಜಿಯ ಸರಾಸರಿಯಲ್ಲಿ ಎರಡೂ ಲೆಕ್ಕಕ್ಕೆ ಬರುತ್ತವೆ. ಸಪ್ಲಿಮೆಂಟರಿ ಕಟ್ಟಿ ಹಳೇ ಅಂಕ ಮರೆತುಬಿಡುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೆಲಸಕ್ಕೂ ಹೋಗುತ್ತಾ ಮೊದಲ ಸೆಮಿಸ್ಟರಿನಲ್ಲೇ ಮೂರು ಸೈನ್ಸ್ ಹೇರಿಕೊಂಡವರು ಮುಗ್ಗರಿಸುವುದು ಇಲ್ಲೇ.

ಆಮೇಲೆ ಎಂಕ್ಯಾಟ್, ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ. ಬಿಡುವುಗಳೂ ಸೇರಿ ಸುಮಾರು ಏಳೂವರೆ ಗಂಟೆ, ಗರಿಷ್ಠ 528 ಅಂಕ, ನಾಲ್ಕು ಭಾಗ. ಅದರಲ್ಲೊಂದು ಭಾಗಕ್ಕೆ ಸೈನ್ಸ್ ಬೇಕೇ ಇಲ್ಲ. ತತ್ತ್ವಶಾಸ್ತ್ರ, ಕಲೆ, ರಾಜಕೀಯ ಹೀಗೆ ಯಾವುದೋ ವಿಷಯದ ಒಂಬತ್ತು ಬರಹ ಕೊಟ್ಟು 90 ನಿಮಿಷದಲ್ಲಿ 53 ಪ್ರಶ್ನೆ: ಬರೆದವನ ನಿಲುವೇನು, ವಾದ ಎಲ್ಲಿ ಸಡಿಲ, ಇನ್ನೊಂದು ಸಂದರ್ಭದಲ್ಲಿ ಅವನು ಏನಂದಾನು. ಉತ್ತರ ಬರಹದೊಳಗೇ ಇರಬೇಕು, ನಿಮಗೆ ಮೊದಲೇ ಗೊತ್ತಿದ್ದದ್ದು ಕೆಲಸಕ್ಕೆ ಬಾರದು. ಕೆಮಿಸ್ಟ್ರಿಯಲ್ಲಿ ಬುದ್ಧಿವಂತರೆನಿಸಿಕೊಂಡವರು ಇಲ್ಲಿ ತಿಣುಕುತ್ತಾರೆ. ಇತಿಹಾಸದ ಹುಡುಗಿ ಹಳೇ ದಾಖಲೆಗಳನ್ನು ಓದಿ ಓದಿ ಪಳಗಿದವಳು, ಮೇಲೆ ಬಂದದ್ದೇ ಈ ಭಾಗದಲ್ಲಿ. ಇನ್ನೊಂದು ಭಾಗದ ತುಂಬ ಮನಃಶಾಸ್ತ್ರ, ಸಮಾಜಶಾಸ್ತ್ರ. ನಮ್ಮ ನೀಟ್‌ನಲ್ಲಿ 180 ಪ್ರಶ್ನೆ: 90 ಬಯಾಲಜಿ, ಮಿಕ್ಕದ್ದು ಫಿಸಿಕ್ಸ್, ಕೆಮಿಸ್ಟ್ರಿ. ಇನ್ನೊಬ್ಬರ ಮಾತನ್ನು ಕೊನೆತನಕ ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಗೆ ಒಂದು ಅಂಕವೂ ಇಲ್ಲ. ಹಾಗೆ ಆಯ್ಕೆಯಾಗಿ ಡಾಕ್ಟರಾದವರ ಮುಂದೆ ರೋಗಿ ಕೂತು ಹೊಟ್ಟೆನೋವು ಹೇಳಿಕೊಳ್ಳಬೇಕು. ನನ್ನ ತಕರಾರು ಇಷ್ಟೇ.

ಅರ್ಜಿಯದ್ದು ಬೇರೆಯೇ ಗೋಳು. ಓದಿದ ಪ್ರತಿ ಕೋರ್ಸನ್ನೂ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಟೈಪಿಸಬೇಕು. ತಾಳೆಯಾಗದಿದ್ದರೆ ಪರಿಶೀಲನೆಯಲ್ಲಿ ವಾಪಸ್ ಬಂದು ವಾರಗಟ್ಟಲೆ ಹೋಗುತ್ತದೆ. 5,300 ಅಕ್ಷರದೊಳಗೆ ಯಾಕೆ ಡಾಕ್ಟರ್ ಆಗಬೇಕೆಂಬ ಪ್ರಬಂಧ, 15ರವರೆಗೆ ಚಟುವಟಿಕೆಗಳ ವಿವರ, ಸೈನ್ಸ್ ಮೇಷ್ಟ್ರುಗಳ ಶಿಫಾರಸು ಪತ್ರ. ಕೊನೆ ದಿನಾಂಕ ಇನ್ನೂ ದೂರವಿದೆ ಅಂತ ಕೂರುವಂತಿಲ್ಲ, ಬಹುತೇಕ ಕಾಲೇಜುಗಳಲ್ಲಿ ಅರ್ಜಿ ಬಂದ ಹಾಗೇ ಇಂಟರ್‌ವ್ಯೂ ಹಂಚಿಹೋಗುತ್ತವೆ. ಜೂನ್‌ನಲ್ಲಿ ಕಳಿಸಿದರೆ ತರಗತಿ ಶುರುವಾಗುವುದು ಮರುವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ.

ಇನ್ನು ಒಪ್ಪಿಕೊಳ್ಳಬೇಕಾದ್ದು. ಭಾರತದ ಪಾಸ್‌ಪೋರ್ಟ್‌ನಲ್ಲಿ ವಿದ್ಯಾರ್ಥಿ ವೀಸಾ ಮೇಲಿರುವವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಇಲ್ಲಿ ಕಡಿಮೆ, ಊರಿನ ಡಿಗ್ರಿ ಒಂದನ್ನೇ ನಂಬಿ ಸೀಟು ಕೊಡುವವರು ಇನ್ನೂ ಕಡಿಮೆ. ಸಾಲ ಬೇರೆ. ಹೊಸದಾಗಿ ಸೇರುವವರಿಗೆ 2026ರ ಜುಲೈಯಿಂದ ಸರ್ಕಾರಿ ಸಾಲಕ್ಕೆ ವರ್ಷಕ್ಕೆ 50,000 ಡಾಲರಿನ ಮಿತಿ, ಅನೇಕ ಕಡೆ ಫೀಸಿಗೇ ಸಾಲದು. ಊರಿನ ಬಾಗಿಲೂ ಪೂರ್ತಿ ಮುಚ್ಚಿಲ್ಲ: 2023ರ ನವೆಂಬರಿನಲ್ಲಿ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕೊಟ್ಟ ಪ್ರಕಟಣೆಯ ಪ್ರಕಾರ, ಪಿಯುಸಿ ಆದಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆಯ ಬೋರ್ಡಿನಲ್ಲಿ ಪಾಸು ಮಾಡಿದವರೂ ನೀಟ್ ಬರೆಯಬಹುದು. ವಯಸ್ಸಿನ ಮೇಲ್ಮಿತಿಯೂ ಈಗಿಲ್ಲ. ಇದನ್ನು ಮನೆಯಲ್ಲಿ ಹೇಳುವವರು ಯಾರು ಅನ್ನುವುದು ಬೇರೆ ಮಾತು.

ಇನ್ನೊಂದು, ಹೇಳಲು ಮನಸ್ಸಿಲ್ಲ. ಇಲ್ಲಿ ಡಾಕ್ಟರರ ಹಿಂದೆ ಆಸ್ಪತ್ರೆಯಲ್ಲಿ ನಿಂತು ನೋಡಿದ ಗಂಟೆಗಳನ್ನೂ ಅರ್ಜಿಯಲ್ಲಿ ನಿರೀಕ್ಷಿಸುವ ಕಾಲೇಜುಗಳು ಅನೇಕ. ನಮ್ಮ ಹುಡುಗಿಯ ಸೋದರಮಾವನೇ ಡಾಕ್ಟರ್, ಒಂದು ಫೋನಿನಲ್ಲಿ ಕೆಲಸವಾಯಿತು. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಒಳ್ಳೆ ರ‍್ಯಾಂಕ್ ತೆಗೆದ ಹುಡುಗನಿಗೆ ಅಂಥ ಮಾವ ಬೇಕಿಲ್ಲ, ಯಾರ ಪತ್ರವೂ ಬೇಕಿಲ್ಲ. ಸೀಟು ಹಂಚುವ ಕೆಇಎಯಲ್ಲಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ) ಸರಿಯಾಗಿ ಮಾಡಿದರೆ ಸರ್ಕಾರಿ ಸೀಟು ಅವನದೇ.